ಹದಿನಾರು ತಲೆ

ನಮ್ಮ ಮನೆಯಲ್ಲಿ ನಾಲ್ಕು ಕೋಣೆ, ಹತ್ತೊಂಬತ್ತು ಜನ. ಇದನ್ನು ನಾನು ಕೇಳಿದವರಿಗೂ ಹೇಳುತ್ತೇನೆ, ಕೇಳದವರಿಗೂ ಹೇಳುತ್ತೇನೆ. ಕೆಲವರು ಗೋಡೆಗೆ ಪದಕ ತೂಗುಹಾಕುತ್ತಾರೆ, ನಾನು ಆ ಮನೆಯನ್ನು ಬಾಯಿಗೆ ತೂಗುಹಾಕಿಕೊಂಡಿದ್ದೇನೆ. ಅಜ್ಜಿ, ದೊಡ್ಡಪ್ಪ, ಇಬ್ಬರು ಚಿಕ್ಕಪ್ಪಂದಿರು, ಗಂಡನ ಜೊತೆ ಜಗಳವಾಡಿಕೊಂಡು ಬಂದು ಇಲ್ಲೇ ಉಳಿದ ಅತ್ತೆ, ಎಲ್ಲರ ಮಕ್ಕಳು. ನನಗೆ ತಲೆ ಬಾಚಿದವಳು ದೊಡ್ಡಮ್ಮ, ಅಕ್ಷರ ಕಲಿಸಿದವನು ಚಿಕ್ಕಪ್ಪ, ಹೊಡೆದವರು ಮಾತ್ರ ಎಲ್ಲರೂ. ರಾತ್ರಿ ಊಟಕ್ಕೆ ಸಾಲಾಗಿ ಕೂತಾಗ ಅಜ್ಜಿ ಸೌಟಿನ ಹಿಡಿಯಿಂದ ಒಂದೊಂದೇ ತಲೆ ತಟ್ಟುತ್ತಾ, ಕೊನೆಗೆ ತನ್ನದನ್ನೂ ಸೇರಿಸಿ ಎಣಿಸುತ್ತಿದ್ದಳು. ಸಂಖ್ಯೆ ಸರಿಹೋದರೆ ಪಾತ್ರೆಯ ಮುಚ್ಚಳ ತೆಗೆಯುತ್ತಿದ್ದಳು. ಮಕ್ಕಳನ್ನು ನೋಡಿಕೊಳ್ಳುವುದೆಂದರೆ ಅಷ್ಟೇ ಎಂದು ನಾನು ಮೂವತ್ತೈದು ವರ್ಷ ನಂಬಿದ್ದೆ.

ಸಂಘಕ್ಕೆ ನಾನು ಸೇರಿದ್ದೂ ಆ ಮನೆಯ ದೆಸೆಯಿಂದಲೇ. ಒಂದು ಬೆಳಿಗ್ಗೆ ಆರು ಗಂಟೆಗೆ ನಮ್ಮ ಬೀದಿಯ ಮೆಟ್ಟಿಲ ಮೇಲೆ ಒಂದು ಮಗು ಶಾಲೆಯ ಚೀಲ ತಬ್ಬಿಕೊಂಡು ಕೂತಿತ್ತು. ಶಾಲೆ ತೆಗೆಯುವುದು ಒಂಬತ್ತಕ್ಕೆ. ತಾಯಿ ಪಾಳಿಗೆ ಹೋಗಿದ್ದಾಳಂತೆ, ಅಲ್ಲಿಯವರೆಗೆ ಅದು ಅಲ್ಲೇ ಕೂತಿರಬೇಕಂತೆ. ನಮ್ಮ ಮನೆಯಲ್ಲಾಗಿದ್ದರೆ ಆ ಮಗುವನ್ನು ಎತ್ತಿಕೊಳ್ಳಲು ಆರೇಳು ಸೊಂಟಗಳಿರುತ್ತಿದ್ದವು. ಅವತ್ತೇ ಸಂಜೆ ಹೋಗಿ ಸಂಘಕ್ಕೆ ಹೆಸರು ಕೊಟ್ಟೆ.

ಹಳೆಯ ಔಷಧಿ ಅಂಗಡಿಯ ಹಿಂದಿನ ಎರಡು ಕೋಣೆಗಳೇ ನಮ್ಮ ಸಂಘ. ಆರು ಗಂಟೆಯ ಪಾಳಿಗೆ ಹೋಗುವ ತಾಯಂದಿರು ನಿದ್ದೆಗಣ್ಣಿನ ಮಕ್ಕಳನ್ನು ತಂದುಬಿಡುತ್ತಾರೆ. ನಾವು ಹಾಲು, ಬ್ರೆಡ್ಡು ಕೊಟ್ಟು, ಮುಖ ತೊಳೆಸಿ, ಎಂಟೂ ಕಾಲಿಗೆ ಸಾಲಾಗಿ ನಡೆಸಿಕೊಂಡು ಶಾಲೆಗೆ ಬಿಡುತ್ತೇವೆ, ಸಂಜೆ ಕರೆತರುತ್ತೇವೆ. ಸಂಘ ಕಟ್ಟಿದವರು ದೊಡ್ಡಕ್ಕ. ಬೀದಿಗೆಲ್ಲ ಅವರು ದೊಡ್ಡಕ್ಕನೇ, ಅವರ ಗಂಡನೂ ಹಾಗೇ ಕರೆದು ಬೈಸಿಕೊಂಡಿದ್ದುಂಟು. ಇನ್ನೊಬ್ಬರು ನಿವೃತ್ತ ಬಸ್ ಕಂಡಕ್ಟರ್. ಮೂವತ್ತು ವರ್ಷ ತುಂಬಿದ ಬಸ್ಸಿನಲ್ಲಿ ಹತ್ತಿದವರ, ಇಳಿದವರ ಮುಖ ನೆನಪಿಟ್ಟ ಮನುಷ್ಯ.

ಶಾಲೆಗೆ ಹೋಗುವ ಮಕ್ಕಳು ಹದಿನಾರು, ಎಂಟು ಜೋಡಿ. ಒಂದು ದೊಡ್ಡದಕ್ಕೆ ಒಂದು ಚಿಕ್ಕದು. ಮುಂದೆ ನಾನು, ಹಿಂದೆ ಕಂಡಕ್ಟರ್. ಸಾಲಿನ ನಿಯಮ ಮೂರು, ಮೂರನ್ನೂ ಮಾಡಿದವಳು ನಾನೇ. ಕೂಗಬಾರದು, ಓಡಬಾರದು, ಜೊತೆಯವರ ಕೈ ಬಿಟ್ಟುಹೋದರೆ ಇದ್ದಲ್ಲೇ ನಿಲ್ಲಬೇಕು. ಒಬ್ಬರು ನಿಂತರೆ ಹಿಂದಿನವರು ನಿಲ್ಲುತ್ತಾರೆ, ಕಂಡಕ್ಟರ್ ಸೀಟಿ ಊದುತ್ತಾರೆ, ಇಡೀ ಸಾಲು ನಿಲ್ಲುತ್ತದೆ. ನೋಡಿದವರೆಲ್ಲ ಭೇಷ್ ಅಂದಿದ್ದರು.

ಆ ದಿನ ಕಂಡಕ್ಟರ್ ಕಣ್ಣಿನ ಡಾಕ್ಟರ ಹತ್ತಿರ ಹೋಗಿದ್ದರು. ಇನ್ನೂ ಶಾಲೆಗೆ ಸೇರದ ಒಂದು ಕೂಸಿಗೆ ಜ್ವರ ಬಂದು ದೊಡ್ಡಕ್ಕ ಅದನ್ನು ಹೆಗಲಿಗೆ ಹಾಕಿಕೊಂಡು ಓಡಾಡುತ್ತಿದ್ದರು.

"ಒಂದು ಹತ್ತು ನಿಮಿಷ ತಡಿ, ಪಕ್ಕದ ಮನೆಯವಳನ್ನ ಕರೀತೀನಿ. ಹಿಂದೆ ಯಾರಾದ್ರೂ ಬೇಕು," ಎಂದರು.

"ಹದಿನಾರು ಮಕ್ಕಳೇನು ಮಹಾ ದೊಡ್ಡಕ್ಕ? ನಮ್ಮ ಮನೇಲಿ ಹತ್ತೊಂಬತ್ತು ಜನ..."

"ಗೊತ್ತು ಮಾರಾಯ್ತಿ, ನಾಲ್ಕು ಕೋಣೆ. ಹೋಗು," ಎಂದು ನಕ್ಕರು.

ಹೋದೆ. ಹೊರಡುವಾಗ ತಲೆ ತಟ್ಟಿ ಎಣಿಸಿದೆ, ಹದಿನಾರು. ಮರದ ಮಿಲ್ಲಿನ ಓಣಿ, ಕಾಲುವೆಯ ಸೇತುವೆ, ದೊಡ್ಡ ರಸ್ತೆಯ ಕೆಳಗಿನ ಸುರಂಗ ದಾರಿ, ಆಮೇಲೆ ಶಾಲೆ. ಸುರಂಗದ ಬಾಯಲ್ಲಿ ಎದುರಿನಿಂದ ಜನ ನುಗ್ಗಿ ಬಂದರು, ಸಾಲು ಒಂದಿಷ್ಟು ಚದುರಿ ಮತ್ತೆ ಕೂಡಿಕೊಂಡಿತು. ನಾನು ತಿರುಗಿ ನೋಡಿದೆ. ಜೋಡಿಗಳು ಬರುತ್ತಿದ್ದವು. ಶಾಲೆಯ ಗೇಟಿನಲ್ಲಿ ಮತ್ತೆ ತಲೆ ತಟ್ಟಿದೆ. ಹದಿನಾರು. ಕಾವಲುಗಾರನಿಗೆ ಲೆಕ್ಕ ಕೂಗಿ ಹೇಳಿ, ಸಂಜೆಯ ಬ್ರೆಡ್ಡು ತರಬೇಕಿತ್ತೆಂದು ಬೇಕರಿ ಬೀದಿ ಸುತ್ತಿಕೊಂಡು ವಾಪಸಾದೆ.

ಒಂಬತ್ತೂ ಇಪ್ಪತ್ತಕ್ಕೆ ಫೋನು ಬಂತು. ನಾನು ಚಾ ಲೋಟ ಹಿಡಿದುಕೊಂಡು ಕಂಬಳಿ ಮಡಿಸುತ್ತಿದ್ದೆ. ಶಾಲೆಯ ಮೇಡಂ.

"ಏನ್ರೀ, ನಿಮ್ಮ ಸಾಲಲ್ಲಿ ನಮ್ಮದಲ್ಲದ ಮಗು ಒಂದು ಬಂದುಬಿಟ್ಟಿದೆ. ಮೂರನೇ ಕ್ಲಾಸಿನ ಹುಡುಗಿ ತನ್ನ ಚಿಕ್ಕಮ್ಮನ ಮಗಳನ್ನ ಕರ್ಕೊಂಡು ಬಂದಿದ್ದಾಳೆ. ಊರಿಂದ ಬಂದಿದೆಯಂತೆ, ಅಕ್ಕನ ಶಾಲೆ ನೋಡಬೇಕು ಅಂತ ಹಟವಂತೆ. ಅಕ್ಕನ ಹಳೇ ಯೂನಿಫಾರಂ ಹಾಕ್ಕೊಂಡು ಸುರಂಗದ ಹತ್ರ ಕಾಯ್ತಿತ್ತಂತೆ."

ನಾನು ನಕ್ಕೆ. ನಿಜವಾಗಿ ನಕ್ಕೆ. "ಇರಲಿ ಬಿಡಿ ಮೇಡಂ, ಹತ್ತರ ಜೊತೆ ಹನ್ನೊಂದು. ಒಂದು ಮಗು ಜಾಸ್ತಿ ಆದ್ರೆ ಶಾಲೆ ಏನು ಮುಳುಗಿಹೋಗುತ್ತಾ?" ಎಂದೆ. ಫೋನಿಟ್ಟು ಚಾ ಒಂದು ಗುಟುಕು ಕುಡಿದೆ.

ಲೋಟ ಕೆಳಗಿಟ್ಟೆ. ಜಾಸ್ತಿ ಆಗಿದ್ದರೆ ಹದಿನೇಳು ಆಗಬೇಕಿತ್ತು. ನಾನು ಎಣಿಸಿದ್ದು ಹದಿನಾರು. ಅಂದರೆ ನನ್ನವರು ಹದಿನೈದು.

ಕಂಬಳಿಯ ರಾಶಿಯ ಮೇಲೆ ಕೂತುಬಿಟ್ಟೆ.

"ದೊಡ್ಡಕ್ಕ, ಒಂದು ಮಗು ಇಲ್ಲ."

"ಯಾವುದು?"

ನನಗೆ ಗೊತ್ತಿರಲಿಲ್ಲ. ದಿನಾ ಮುಖ ತೊಳೆಸುವ ಹದಿನಾರು ಮಕ್ಕಳಲ್ಲಿ ಯಾವುದನ್ನು ದಾರಿಯಲ್ಲಿ ಬಿಟ್ಟುಬಂದೆ ಎಂದು ನನಗೆ ಗೊತ್ತಿರಲಿಲ್ಲ. ಗೇಟಿನಲ್ಲಿ ನಾನು ತಟ್ಟಿದ್ದು ತಲೆಗಳನ್ನು. ಒಂದು ಮುಖವನ್ನೂ ನೋಡಿರಲಿಲ್ಲ. ಕಣ್ಣು ಮುಚ್ಚಿ ಸಾಲನ್ನು ನೆನಪು ಮಾಡಿಕೊಳ್ಳಲು ನೋಡಿದೆ. ಮೊದಲ ಎರಡು ಜೋಡಿ ಬಂದವು, ಆಮೇಲೆ ಬರೀ ಕೂದಲು, ಜಡೆ, ಕ್ಲಿಪ್ಪು.

ದೊಡ್ಡಕ್ಕ ಶಾಲೆಗೆ ಫೋನು ಮಾಡಿದರು. ಮಕ್ಕಳು ನಾಲ್ಕು ತರಗತಿಗಳಲ್ಲಿ ಹಂಚಿಹೋಗಿದ್ದರು, ಒಂದೊಂದೇ ಕೋಣೆಗೆ ಹೋಗಿ ನೋಡಬೇಕು. ಫೋನು ಕೈಯಲ್ಲೇ ಹಿಡಿದು ಕಾದೆವು. ಮೇಡಂ ಅವರ ಚಪ್ಪಲಿಯ ಸದ್ದು, ಬಾಗಿಲು ತೆರೆಯುವ ಸದ್ದು, ಮಕ್ಕಳು ಒಟ್ಟಾಗಿ "ನಮಸ್ತೆ" ಎನ್ನುವುದು, ಮತ್ತೆ ಚಪ್ಪಲಿಯ ಸದ್ದು. ಆ ಹೊತ್ತಿನಲ್ಲಿ ನಾನು ಮಾಡಿದ ಒಂದು ಕೆಲಸ ಹೇಳಿಬಿಡುತ್ತೇನೆ. ಯಾವ ಮಗುವಾಗಿದ್ದರೆ ಪರವಾಗಿಲ್ಲ ಎಂದು ಮನಸ್ಸಿನಲ್ಲೇ ಆರಿಸುತ್ತಿದ್ದೆ. ನಾಲ್ಕನೇ ತರಗತಿಯ ತುಂಟನಾಗಿರಲಿ, ಅವನಿಗೆ ದಾರಿ ಗೊತ್ತು, ಬಾಯಿದೆ, ಬೈದುಕೊಂಡಾದರೂ ಬಂದಾನು. ದೇವರೇ, ಗುಬ್ಬಿ ಮಾತ್ರ ಆಗದಿರಲಿ.

"ಒಂದನೇ ಕ್ಲಾಸಿನ ಚಿಕ್ಕ ಹುಡುಗಿ. ನೀವೆಲ್ಲ ಗುಬ್ಬಿ ಅಂತೀರಲ್ಲ, ಅವಳು ಬಂದಿಲ್ಲ," ಎಂದರು ಮೇಡಂ.

ಗುಬ್ಬಿಗೆ ಆರು ವರ್ಷ. ಎಲ್ಲರಿಗಿಂತ ಚಿಕ್ಕವಳು, ಕೋಣೆಯಲ್ಲಿದ್ದರೂ ಇದ್ದಾಳೆಂದು ತಿಳಿಯದಷ್ಟು ಮೌನಿ. ಅವಳ ತಾಯಿ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸಕ್ಕಿದ್ದಳು. ಇದ್ದದ್ದು ಅವರಿಬ್ಬರೇ. ಮೂರನೇ ತರಗತಿಯ ಆ ಹುಡುಗಿಯೇ ಸಾಲಿನಲ್ಲಿ ಗುಬ್ಬಿಯ ಜೋಡಿ, ಅವರದೇ ಕೊನೆಯ ಜೋಡಿ. ಅವರ ಹಿಂದೆ ಇರಬೇಕಾದವರು ಕಂಡಕ್ಟರ್.

ನಾನು ಓಡಿದೆ. ಚಪ್ಪಲಿ ಹಾಕಿಕೊಂಡಿದ್ದೆನೋ ಇಲ್ಲವೋ ನೆನಪಿಲ್ಲ. ಮರದ ಮಿಲ್ಲಿನಲ್ಲಿ ಗರಗಸ ಕಿರುಚುತ್ತಿತ್ತು, ಅಲ್ಲಿ ಮಗು ಕೂಗಿದರೂ ಯಾರಿಗೂ ಕೇಳಿಸದು. ಮಿಲ್ಲಿನವನು ತಲೆಯಾಡಿಸಿದ, ನೋಡಿಲ್ಲ. ಸೇತುವೆಯ ಮೇಲೆ ನಿಂತು ಕಾಲುವೆಗೆ ಬಗ್ಗಿದೆ. ಕೆಳಗೆ ಕೆಂಪಗೆ ಏನೋ ಕಡ್ಡಿಗೆ ಸಿಕ್ಕಿಕೊಂಡು ಅಲ್ಲಾಡುತ್ತಿತ್ತು. ಗುಬ್ಬಿಯ ಸ್ವೆಟರ್ ಯಾವ ಬಣ್ಣ? ಬೆಳಿಗ್ಗೆ ನಾನೇ ಗುಂಡಿ ಹಾಕಿದ್ದೆ. ಕೆಂಪೋ? ನೆನಪಾಗಲಿಲ್ಲ. ನೀರು ಒಂದು ಸಲ ತಳ್ಳಿ, ಅದು ಮಗುಚಿ, ಪ್ಲಾಸ್ಟಿಕ್ ಚೀಲವೆಂದು ಕಂಡ ಮೇಲೆಯೂ ನನ್ನ ಕೈ ಸೇತುವೆಯ ಕಂಬಿಯನ್ನು ಬಿಡಲಿಲ್ಲ. ಇನ್ನೊಂದು ಕೈಯಿಂದ ಬೆರಳು ಬಿಡಿಸಿಕೊಳ್ಳಬೇಕಾಯಿತು.

ಸೇತುವೆ ದಾಟಿದರೆ ಬೀಗದ ಕೈ ಮಾಡುವವನ ಪೆಟ್ಟಿಗೆ ಅಂಗಡಿ. "ಚಿಕ್ಕ ಹುಡುಗಿ, ಇಷ್ಟೆತ್ತರ, ಶಾಲೆ ಚೀಲ," ಎಂದೆ. ಉಸಿರು ಸಿಗುತ್ತಿರಲಿಲ್ಲ.

"ಸುರಂಗದ ಬಾಯಲ್ಲಿ ಒಂದು ಮಗು ನಿಂತಿತ್ತಮ್ಮ. ಆಗಲೇ ನೋಡಿದ್ದು, ಅರ್ಧ ಗಂಟೆ ಮೇಲಾಯ್ತು. ಯಾರೋ ಒಬ್ಬ ಗಂಡಸು ಅದರ ಜೊತೆ ಮಾತಾಡ್ತಿದ್ದ. ಕೈ ಹಿಡಿದು ಎಳೀತಿದ್ದ ಹಾಗಿತ್ತು. ದೂರಕ್ಕೆ ಸರಿಯಾಗಿ ಕಾಣಲಿಲ್ಲ, ಅಪ್ಪ ಇರಬೇಕು ಅಂದ್ಕೊಂಡೆ."

ಅವಳಿಗೆ ಅಪ್ಪನಿಲ್ಲ. ನಾನು ಅವನ ಮೇಲೆ ಕಿರುಚಿದೆ. "ಅಂದ್ಕೊಂಡ್ರಾ? ಎದ್ದು ಹೋಗಿ ಕೇಳೋಕೆ ಏನಾಗಿತ್ತು ನಿಮಗೆ?" ಆ ಬಡಪಾಯಿ ಅರ್ಧ ಉಜ್ಜಿದ ಬೀಗದ ಕೈ ಹಿಡಿದುಕೊಂಡು ಬಾಯಿ ಬಿಟ್ಟ. ನಾನು ನಿಜಕ್ಕೂ ಯಾರನ್ನು ಕೇಳುತ್ತಿದ್ದೇನೆಂದು ನನಗೆ ಚೆನ್ನಾಗಿ ಗೊತ್ತಿತ್ತು.

ಅಲ್ಲಿಂದ ಸುರಂಗಕ್ಕೆ ಇನ್ನೂರು ಹೆಜ್ಜೆ ಇರಬಹುದು. ಅಷ್ಟು ದೂರದಲ್ಲಿ ನಾನು ಗುಬ್ಬಿಯನ್ನು ಹತ್ತು ಸಲ ಕಳೆದುಕೊಂಡೆ. ಕಾರಿನ ಹಿಂದಿನ ಸೀಟಿನಲ್ಲಿ, ಯಾವುದೋ ಬಾಗಿಲ ಹಿಂದೆ, ರಸ್ತೆಯ ನಡುವೆ. ಪ್ರತಿ ಸಲವೂ ಅವಳು ಕೂಗದೆ ಸುಮ್ಮನಿದ್ದಳು. ಅವಳ ತಾಯಿಗೆ ಹೇಳಬೇಕಾದ ಮೊದಲ ವಾಕ್ಯ ಏನೆಂದು ಹುಡುಕುತ್ತಿದ್ದೆ, ಅದು ಸಿಗುತ್ತಿರಲಿಲ್ಲ.

ಸುರಂಗದ ಮೆಟ್ಟಿಲ ಪಕ್ಕದಲ್ಲಿ ಮುಚ್ಚಿದ ಅಂಗಡಿಯ ಶಟರು. ಅದರ ಮುಂದಿನ ಕಬ್ಬಿಣದ ಕಂಬಕ್ಕೆ ಎಡತೋಳು ಸುತ್ತಿಕೊಂಡು ಗುಬ್ಬಿ ನಿಂತಿದ್ದಳು. ಸ್ವೆಟರ್ ನೀಲಿ. ಬಲಗೈ ಮೈಯಿಂದ ಸ್ವಲ್ಪ ದೂರಕ್ಕೆ ಹಿಡಿದಿದ್ದಳು, ಬೆರಳು ಬಿಚ್ಚಿಕೊಂಡೇ ಇದ್ದವು. ಮೂರು ಹೆಜ್ಜೆ ಆಚೆಗೆ, ಪೆಟ್ಟಿಗೆಯ ಮೇಲೆ, ಒಬ್ಬ ಮುದುಕ ಪೇಪರು ಮಾರುತ್ತಾ ಕೂತಿದ್ದ.

"ನಿಮ್ಮ ಮಗುವೇನಮ್ಮ? ಪೊಲೀಸ್ ಸ್ಟೇಷನ್ನಿಗೆ ಕರ್ಕೊಂಡು ಹೋಗೋಣ ಅಂತ ಕೈ ಹಿಡಿದೆ, ಕಂಬ ಬಿಡಲಿಲ್ಲ. ನೀರು ಕೊಟ್ಟೆ, ಕುಡೀಲಿಲ್ಲ. ಬಿಟ್ಟು ಹೋಗೋಕೆ ಮನಸ್ಸು ಬರಲಿಲ್ಲ, ಇಲ್ಲೇ ಕೂತೆ. ಫೋನ್ ನಂಬರು ಕೇಳಿದ್ರೆ ಬಾಯೇ ಬಿಡಲಿಲ್ಲ," ಎಂದ.

ಬಿಡುವುದಾದರೂ ಹೇಗೆ? ನಂಬರನ್ನು ನಾವು ಯಾವ ಮಗುವಿಗೂ ಕಲಿಸಿರಲಿಲ್ಲ. ಸಾಲಿನಲ್ಲಿ ನಡೆಯುವುದನ್ನು ಮಾತ್ರ ಕಲಿಸಿದ್ದೆವು.

ನಾನು ನೆಲದ ಮೇಲೆ ಕೂತು ಅವಳನ್ನು ತಬ್ಬಿಕೊಂಡೆ. ಅವಳ ಮೈ ಕಟ್ಟಿಗೆಯಂತೆ ಬಿಗಿದುಹೋಗಿತ್ತು. ಅಳುತ್ತಿರಲಿಲ್ಲ. ಅತ್ತವಳು ನಾನು.

"ಕೂಗಬೇಕಿತ್ತಲ್ಲ ಪುಟ್ಟಿ. ನಾನು ಮುಂದೇ ಇದ್ದೆ."

"ಸಾಲಲ್ಲಿ ಕೂಗಬಾರದು ಅಂದಿದ್ರಿ."

"ಓಡಿ ಬರಬೇಕಿತ್ತು."

"ಓಡಬಾರದು ಅಂದಿದ್ರಿ." ಆಮೇಲೆ ಅವಳೇ ಹೇಳಿದಳು, "ಅಕ್ಕ ಬೇರೆ ಹುಡುಗಿ ಕೈ ಹಿಡ್ಕೊಂಡ್ಲು. ನನ್ನ ಕೈ ಯಾರೂ ಹಿಡೀಲಿಲ್ಲ. ಅದಕ್ಕೆ ನಿಂತ್ಕೊಂಡೆ."

ಒಂದು ಗಂಟೆ ಕಾಲು. ಅಷ್ಟು ಹೊತ್ತು ಆ ಮಗು ನನ್ನ ಮೂರೂ ನಿಯಮವನ್ನು ಒಂದೂ ತಪ್ಪದೆ ಪಾಲಿಸುತ್ತಾ ನಿಂತಿತ್ತು.

ಅವಳನ್ನು ಅವತ್ತು ಶಾಲೆಗೆ ಕಳಿಸಲಿಲ್ಲ. ಸಂಘಕ್ಕೆ ಕರೆತಂದು ಹಾಲು ಕುಡಿಸಿದೆವು, ಕಂಬಳಿ ಹೊದಿಸಿದ ಕೂಡಲೇ ನಿದ್ದೆಹೋದಳು. ನಾನು ಅವಳ ಪಕ್ಕದಿಂದ ಏಳಲಿಲ್ಲ. ದೊಡ್ಡಕ್ಕ ಖಾಲಿ ಲೋಟ ಎತ್ತಿಟ್ಟು ನಮ್ಮ ಹತ್ತಿರ ಬಂದು ಕೂತರು.

"ಬೀಸೋ ದೊಣ್ಣೆ ತಪ್ಪಿದ್ರೆ ಸಾವಿರ ವರ್ಷ ಆಯಸ್ಸು," ಎಂದರು. "ಮಗು ಸಿಕ್ತಲ್ಲ, ಇನ್ನು ಇದನ್ನ ಅವಳ ಅಮ್ಮನಿಗೆ ಹೇಳಿ ಆ ಹೊಟ್ಟೆಗೆ ಯಾಕೆ ಬೆಂಕಿ ಹಾಕೋದು? ನಾಳೆಯಿಂದ ಇಬ್ಬರಿಲ್ಲದೆ ಸಾಲು ಹೊರಡಲ್ಲ, ಅಷ್ಟೇ. ಒಬ್ಬಳು ತಾಯಿ ಹೆದರಿ ಬಿಡಿಸಿಕೊಂಡ್ರೆ ಉಳಿದವರೂ ಬಿಡಿಸ್ಕೊಳ್ತಾರೆ. ಆಮೇಲೆ ಆ ಮಕ್ಕಳು ಮತ್ತೆ ಮೆಟ್ಟಿಲ ಮೇಲೇ."

ಅದು ಸುಳ್ಳೇನಲ್ಲ. ನನಗೂ ಬೇಕಾಗಿದ್ದು ಅದೇ. ಯಾರಾದರೂ ಹಾಗೆ ಹೇಳಲಿ ಎಂದೇ ಕಾಯುತ್ತಿದ್ದೆ.

ಮಧ್ಯಾಹ್ನ ಕಂಡಕ್ಟರ್ ಕಪ್ಪು ಕನ್ನಡಕ ಹಾಕಿಕೊಂಡು ಬಂದರು. ವಿಷಯ ಕೇಳಿ ಅವರ ಮುಖ ಇಳಿದುಹೋಯಿತು. ಆಮೇಲೆ ನನ್ನ ಮುಖ ನೋಡಿ, ಸಮಾಧಾನ ಮಾಡಲೆಂದು, "ಒಂದು ಟಿಕೆಟ್ಟಿಗೆ ಇನ್ನೊಬ್ಬ ಪ್ಯಾಸೆಂಜರು ಹತ್ತಿಸಿಬಿಟ್ಟೆಯಲ್ಲಮ್ಮ," ಎಂದರು. ದೊಡ್ಡಕ್ಕನಿಗೆ ನಗು ಬಂತು. ನನಗೂ ಬಂತು. ನಗು ಬರುತ್ತಿದ್ದಂತೆಯೇ ನನಗೆ ಬೇರೊಂದು ಹೆದರಿಕೆ ಹತ್ತಿತು, ಯಾಕೆಂದರೆ ಈ ನಗುವನ್ನು ನಾನು ಮೊದಲೇ ಕೇಳಿದ್ದೆ.

ನಮ್ಮ ಮನೆಯಲ್ಲಿ ಒಮ್ಮೆ ಹೀಗೇ ಆಗಿತ್ತು. ಪಕ್ಕದ ಮನೆಯ ಹುಡುಗ ನಮ್ಮ ಸಾಲಿನಲ್ಲಿ ಊಟಕ್ಕೆ ಕೂತ, ಅಜ್ಜಿ ತಟ್ಟಿದ ತಲೆ ಹತ್ತೊಂಬತ್ತಕ್ಕೆ ಸರಿಹೋಯಿತು. ಚಿಕ್ಕಪ್ಪನ ಮಗ, ನಾವು ಮೋಟು ಅನ್ನುತ್ತಿದ್ದವನು, ಅಟ್ಟದ ಮೇಲೆ ಸಿಕ್ಕಿಹಾಕಿಕೊಂಡಿದ್ದ. ಬಾಗಿಲಿಗೆ ಹೊರಗಿನಿಂದ ಚಿಲಕ ಬಿದ್ದಿತ್ತು. ಸಿಕ್ಕಿದ್ದು ಬೆಳಿಗ್ಗೆ. ಆ ಕಥೆಯನ್ನು ಹೇಳಿಕೊಂಡು ನಮ್ಮ ಮನೆ ಇಪ್ಪತ್ತು ವರ್ಷ ನಕ್ಕಿದೆ. ಮೋಟುವಿನ ಮದುವೆಯಲ್ಲೂ ಹೇಳಿ ನಕ್ಕೆವು. ತುಂಬಿದ ಮನೆಯ ಮಜಾ ನೋಡಿ, ಒಂದು ಮಗು ಇಲ್ಲದಿದ್ದರೂ ಗೊತ್ತಾಗಲ್ಲ ಎಂದು ನಾನೇ ಎಷ್ಟು ಜನಕ್ಕೆ ಹೇಳಿಲ್ಲ?

ಹೊರಗೆ ಬಂದು ಮೋಟುವಿಗೆ ಫೋನು ಮಾಡಿದೆ. ಈಗ ಅವನು ದೊಡ್ಡ ಗೋದಾಮಿನಲ್ಲಿ ಕ್ರೇನು ಓಡಿಸುತ್ತಾನೆ, ಎರಡು ಮಕ್ಕಳ ತಂದೆ.

"ಅಟ್ಟದಲ್ಲಿ ಸಿಕ್ಕಿಹಾಕ್ಕೊಂಡಿದ್ದೆಯಲ್ಲ, ಅವತ್ತು ನಿನಗೆ ಹೆದರಿಕೆ ಆಗಿತ್ತಾ?" ಎಂದು ಕೇಳಿದೆ.

ಆ ಕಡೆ ಅವನು ಯಂತ್ರ ನಿಲ್ಲಿಸಿದ ಸದ್ದು ಕೇಳಿಸಿತು.

"ಕೆಳಗೆ ಅಜ್ಜಿ ಎಣಿಸೋದು ನನಗೆ ಕೇಳಿಸ್ತಿತ್ತು ಅಕ್ಕ," ಎಂದ. "ಹದಿನೆಂಟಕ್ಕೆ ನಿಲ್ಲುತ್ತೆ, ಆಗ ನನ್ನ ಹುಡುಕ್ತಾರೆ ಅಂತ ಕಾಯ್ತಿದ್ದೆ. ಹತ್ತೊಂಬತ್ತು ಅಂದ್ಲು. ಆಮೇಲೆ ನೀವೆಲ್ಲ ಊಟ ಮಾಡೋ ಸದ್ದು. ಬಾಗಿಲು ಬಡಿದೆ, ಆ ಗದ್ದಲದಲ್ಲಿ ಯಾರಿಗೂ ಕೇಳಿಸಲಿಲ್ಲ. ನಾನು ಸತ್ತೇಹೋಗಿದ್ದೀನೇನೋ ಅಂದ್ಕೊಂಡೆ." ಮತ್ತೆ, "ಈಗಲೂ ನಾನು ಕೋಣೆ ಬಾಗಿಲು ಹಾಕಿ ಮಲಗಲ್ಲ. ನನ್ನ ಹೆಂಡತಿಗೆ ಗೊತ್ತು."

"ಮತ್ತೆ ನೀನೂ ನಗ್ತಿದ್ದೆಯಲ್ಲೋ?"

"ನೀವೆಲ್ಲ ನಗ್ತಿದ್ರಿ. ಇನ್ನೇನು ಮಾಡ್ಲಿ?"

ಅವನ ಮೇಲೆ ಪ್ರಾಣವನ್ನೇ ಇಟ್ಟಿದ್ದ ಹದಿನೆಂಟು ಜನರಲ್ಲಿ ಒಬ್ಬರೂ ಇದನ್ನು ಕೇಳಿರಲಿಲ್ಲ. ನಾನು ದೊಡ್ಡಕ್ಕನಿಗೆ ಹೋಗಿ ಬರುತ್ತೇನೆ ಎಂದಷ್ಟೇ ಹೇಳಿದೆ. ಎಲ್ಲಿಗೆಂದು ಅವರಿಗೆ ಗೊತ್ತಾಯಿತು. ತಡೆಯಲಿಲ್ಲ, ಬಾಗಿಲವರೆಗೆ ಬಂದು ನಿಂತರು.

ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗ ನೆಲಮಾಳಿಗೆಯಲ್ಲಿ. ಆಳೆತ್ತರದ ಯಂತ್ರಗಳು, ಬಿಸಿ ಹಬೆ, ಮೂಗು ಸುಡುವ ಸೋಪಿನ ವಾಸನೆ. ಗುಬ್ಬಿಯ ತಾಯಿ ಒದ್ದೆ ಚಾದರಗಳನ್ನು ಯಂತ್ರದಿಂದ ಎಳೆದು ಗಾಡಿಗೆ ತುಂಬುತ್ತಿದ್ದಳು. ನನ್ನನ್ನು ಕಂಡ ಕೂಡಲೇ ಅವಳ ಕೈಯಲ್ಲಿದ್ದದ್ದು ನೆಲಕ್ಕೆ ಬಿತ್ತು.

"ಮಗು ಚೆನ್ನಾಗಿದೆ," ಎಂದೆ ಮೊದಲು. "ಸಂಘದಲ್ಲಿ ಮಲಗಿದೆ. ಏನೂ ಆಗಿಲ್ಲ." ಆಮೇಲೆ ಎಲ್ಲ ಹೇಳಿದೆ. ಕಂಡಕ್ಟರ್ ಇರಲಿಲ್ಲವೆಂದು ಹೇಳಿದೆ. ದೊಡ್ಡಕ್ಕ ತಡಿ ಎಂದರೂ ನಾನೊಬ್ಬಳೇ ಸಾಕೆಂದು ಹೊರಟದ್ದನ್ನು ಹೇಳಿದೆ. ತಲೆ ಎಣಿಸಿದೆ, ಮುಖ ನೋಡಲಿಲ್ಲ ಎಂದು ಹೇಳಿದೆ.

ಅವಳು ಬಟ್ಟೆಯ ಗಂಟಿನ ಮೇಲೆ ಕೂತಳು. ಬೈಯುತ್ತಾಳೆ, ಹೊಡೆದರೂ ಹೊಡೆದಾಳು ಎಂದುಕೊಂಡಿದ್ದೆ. ಅವಳು ಒಂದೊಂದೇ ಪ್ರಶ್ನೆ ಕೇಳಿದಳು.

"ಎಷ್ಟು ಹೊತ್ತು?"

"ಒಂದು ಗಂಟೆ ಕಾಲು."

"ಬಿಸಿಲಲ್ಲಿ ನಿಂತಿದ್ದಳಾ?"

"ನೆರಳಿತ್ತು."

"ಅತ್ತಳಾ?"

"ಇಲ್ಲ."

"ಅಳಲ್ಲ ಅವಳು," ಎಂದಳು. "ಒಬ್ಬಳೇ ಇದ್ದು ಇದ್ದು ಅಭ್ಯಾಸ." ಸೋಪಿಗೆ ಬಿಳುಚಿ ಸುಕ್ಕುಗಟ್ಟಿದ ತನ್ನ ಬೆರಳುಗಳನ್ನು ನೋಡಿಕೊಂಡಳು. "ಒಂಬತ್ತೂ ಮುಕ್ಕಾಲಿಗೆ ಸಿಕ್ಕಿದಳು. ಈಗ ಎರಡೂವರೆ. ಇಷ್ಟು ಹೊತ್ತು ಯಾಕೆ ಹೇಳಲಿಲ್ಲ?"

"ಹೆದರಿಕೆ ಆಯ್ತು."

"ಯಾರಿಗೋಸ್ಕರ?"

ನನಗೋಸ್ಕರವೇ ಎಂದು ನಮ್ಮಿಬ್ಬರಿಗೂ ಗೊತ್ತಿತ್ತು. ಹಿಂದೆ ಯಾವುದೋ ಯಂತ್ರ ನಿಂತು ಗಂಟೆ ಹೊಡೆಯಿತು, ಇನ್ನೊಬ್ಬಳು ಅವಳನ್ನು ಕೂಗಿದಳು. ಅವಳು ಏಳಲಿಲ್ಲ.

"ನಿಮ್ಮ ಮೇಲೆ ನನಗೆ ನಂಬಿಕೆ ಹೋಯ್ತು," ಎಂದಳು, ಸಿಟ್ಟಿಲ್ಲದೆ. "ಆದ್ರೂ ನಾಳೆ ಕರ್ಕೊಂಡು ಬರ್ತೀನಿ. ನಿಮ್ಮ ಹತ್ರ ಬಿಡದೆ ಇನ್ನೆಲ್ಲಿ ಬಿಡಲಿ? ನಿಮಗೆ ಇನ್ನೂ ಹೆದರಿಕೆ ಇದೆಯಾ?"

"ಇದೆ."

"ಅದನ್ನ ಬಿಡಬೇಡಿ. ದಿನಾ ನಾನು ಇಲ್ಲಿ ಹೆದರ್ಕೊಂಡೇ ಕೆಲಸ ಮಾಡ್ತೀನಿ, ಅವಳು ರಸ್ತೆ ದಾಟಿದಳೋ, ಶಾಲೆ ಮುಟ್ಟಿದಳೋ ಅಂತ. ನೀವು ಧೈರ್ಯವಾಗಿ ನಗ್ತಾ ಇರೋದನ್ನ ನೋಡಿದಾಗೆಲ್ಲ ನನಗೆ ಇನ್ನೂ ಜಾಸ್ತಿ ಹೆದರಿಕೆ ಆಗ್ತಿತ್ತು. ನೀವು ಹೆದರಿದ್ರೆ ನಾನು ಸ್ವಲ್ಪ ಉಸಿರು ಬಿಡಬಹುದು."

ಅವಳು ಎದ್ದು, ನೆಲಕ್ಕೆ ಬಿದ್ದಿದ್ದ ಚಾದರವನ್ನು ಕೊಡವಿ, ಮತ್ತೆ ಒಗೆಯಲು ಹಾಕಿದಳು.

ಮಾರನೇ ದಿನ ಬೆಳಿಗ್ಗೆ ಆರಕ್ಕೆ ಐದು ನಿಮಿಷವಿರುವಾಗ ಅವಳು ಗುಬ್ಬಿಯನ್ನು ತಂದು ನನ್ನ ಮುಂದೆ ನಿಲ್ಲಿಸಿದಳು. ದಿನಾ ತಿರುವಿನವರೆಗೂ ಹಿಂದೆ ತಿರುಗಿ ನೋಡುತ್ತಾ ಹೋಗುತ್ತಿದ್ದವಳು ಆ ದಿನ ಒಮ್ಮೆಯೂ ನೋಡದೆ ಹೋದಳು. ನಾನು ಹೆದರಿಕೊಂಡೇ, ಗುಬ್ಬಿಯ ಕೈ ಬಿಡದೆ, ಬಾಗಿಲಲ್ಲಿ ನಿಂತು ನೋಡುತ್ತಿದ್ದೆ.